ಬೇಸ್‌ಮೆಂಟಿನಲ್ಲಿ ನಿಂತ ಸೈಕಲ್ಲನ್ನು ಮನೆಯಲ್ಲೇ ರಸ್ತೆಗಿಳಿಸುವುದು ಹೇಗೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ದೂಳು ತಿನ್ನುತ್ತಾ ನಿಂತಿರುವ ಸೈಕಲ್ಲುಗಳಲ್ಲಿ ಎರಡು ಜಾತಿ. ಒಂದು, 2020ರಲ್ಲಿ ಜಿಮ್ಮುಗಳು ಮುಚ್ಚಿ ರಸ್ತೆಗಳು ಖಾಲಿ ಬಿದ್ದಿದ್ದಾಗ ಹುರುಪಿನಿಂದ ಕೊಂಡದ್ದು. ಗೇರು, ಡಿಸ್ಕ್ ಬ್ರೇಕು, ದಪ್ಪ ಟೈರು ಎಲ್ಲ ಇರುತ್ತದೆ. ಇನ್ನೊಂದು, ಊರಿನ ಮನೆ ಖಾಲಿ ಮಾಡುವಾಗ ಬಿಟ್ಟುಬರಲು ಮನಸ್ಸಾಗದೆ ತಂದ ಅಪ್ಪನದೋ ಮಾವನದೋ ಕಪ್ಪು ಅಟ್ಲಾಸ್, ಹೀರೋ ಅಥವಾ ಹರ್ಕ್ಯುಲಿಸ್. ಗೇರಿನ ಸೈಕಲ್ಲಿಗೆ ಬೇಡಿಕೆ ಏರಿದ ಆ ವರ್ಷವೇ, ಜೂನ್ 3ರ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನವರು ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿದರು. ಈಗ ಎರಡೂ ಜಾತಿಯವು ಒಂದೇ ಕಂಬಕ್ಕೆ ಒರಗಿ ನಿಂತಿವೆ.

ಇಂಥ ಸೈಕಲ್ಲನ್ನು ಹಾಗೆಯೇ ತಳ್ಳಿಕೊಂಡು ಅಂಗಡಿಗೆ ಹೋದರೆ ಉತ್ತರ ಸಿದ್ಧವಾಗಿರುತ್ತದೆ: "ಟೈರ್ ಹೋಗಿದೆ, ಚೈನ್ ಹೋಗಿದೆ, ಫ್ರೀವೀಲ್ ಹಾಕ್ಬೇಕು, ಕೇಬಲ್ ಎಲ್ಲಾ ಚೇಂಜ್ ಸಾರ್." ಹೂಂ ಅನ್ನುವ ಮುಂಚೆ ಒಂದು ವಿಷಯ ತಿಳಿದಿರಲಿ. ಓಡಿ ಸವೆದ ಸೈಕಲ್ಲೇ ಬೇರೆ, ನಿಂತು ಕೆಟ್ಟ ಸೈಕಲ್ಲೇ ಬೇರೆ. ನಿಂತಲ್ಲೇ ಕೆಡುವುದು ರಬ್ಬರು, ಗ್ರೀಸು, ಎಣ್ಣೆ ಮತ್ತು ಕೇಬಲ್ಲು. ಫ್ರೀವೀಲಿನ, ಅಂದರೆ ಹಿಂದಿನ ಚಕ್ರದಲ್ಲಿ ಚೈನು ಹಾಯುವ ಹಲ್ಲುಗಾಲಿಯ, ಹಲ್ಲಾಗಲಿ ರಿಮ್ಮಾಗಲಿ ಓಡದೆ ಸವೆಯುವುದಿಲ್ಲ. ಐನೂರು ಕಿಲೋಮೀಟರ್ ಕೂಡ ಓಡದ ಸೈಕಲ್ಲಿಗೆ ಹೊಸ ಫ್ರೀವೀಲ್ ಏಕೆ? ಮುಂದಿನ ಕೆಲಸವೆಲ್ಲ ಈ ಲೆಕ್ಕದ ಮೇಲೆಯೇ ನಡೆಯುತ್ತದೆ. ಎರಡು ಭಾನುವಾರದ ಬೆಳಗ್ಗೆ, ಒಂದು ಬಾಲ್ಕನಿ ಸಾಕು.

ತೊಳೆಯುವ ಮುಂಚೆ ನೋಡಿ

ಎಲ್ಲರೂ ಮೊದಲು ಮಾಡುವುದು ಬಕೆಟ್ ನೀರು ಸುರಿಯುವ ಕೆಲಸ. ಸ್ವಲ್ಪ ತಡೆಯಿರಿ. ಕೊಳೆ ಬಹಳ ವಿಷಯ ಹೇಳುತ್ತದೆ. ಚಕ್ರದ ನಡುವಿನ ಹಬ್ಬಿನ ಸುತ್ತ ಕಂದು ಬಣ್ಣದ ಉಂಗುರದಂಥ ಕಲೆ ಇದ್ದರೆ ಒಳಗೆ ನೀರು ಹೊಕ್ಕಿ ತುಕ್ಕು ಹೊರಬಂದಿದೆ ಎಂದು ಅರ್ಥ. ಕೇಬಲ್ಲಿನ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿನ ಹಿಡಿಯ ಬುಡದಲ್ಲಿ ದೂಳು ಜಿಡ್ಡಾಗಿ ಅಂಟಿದ್ದರೆ ಎಣ್ಣೆ ಸೋರಿದೆ. ಫ್ರೇಮಿನ ಬೆಸುಗೆಗಳ ಬಳಿ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಿರುಕು ಬಣ್ಣದ್ದಲ್ಲ, ಲೋಹದ್ದೇ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ. ಆ ಸೈಕಲ್ಲಿಗೆ ದುಡ್ಡು ಹಾಕುವುದು ದಂಡ.

ನೋಡಿದ್ದೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬಿಚ್ಚಿದ ಮೇಲೆ ವಾಷರ್ ಯಾವ ಕಡೆ ಇತ್ತು ಎಂಬ ಜಗಳ ತಪ್ಪುತ್ತದೆ.

ಆಮೇಲೆ ತೊಳೆಯಿರಿ. ಬಕೆಟ್ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಸ್ಪಂಜು. ಕಾರಿಗೆ ಹೊಡೆಯುವ ಪ್ರೆಷರ್ ಪಂಪು ಬೇಡವೇ ಬೇಡ. ಅದು ಬೇರಿಂಗಿನೊಳಗೆ ಉಳಿದಿದ್ದ ಗ್ರೀಸನ್ನು ಓಡಿಸಿ ಆ ಜಾಗದಲ್ಲಿ ನೀರು ಕೂರಿಸುತ್ತದೆ. ತೊಳೆದು ಒರೆಸಿ, ಬಿಸಿಲಿಗೆ ಅರ್ಧ ಗಂಟೆ ಬಿಡಿ.

ಬೇಕಾಗುವ ಸಾಮಾನು

ಅಲೆನ್ ಕೀ ಸೆಟ್ಟು (4, 5, 6 ಮಿ.ಮೀ. ಹೆಚ್ಚು ಬಳಕೆಗೆ ಬರುತ್ತವೆ, 8 ಕೂಡ ಇರಲಿ), 15 ಮಿ.ಮೀ. ಸ್ಪ್ಯಾನರ್, ಪ್ಲಾಸ್ಟಿಕ್ಕಿನ ಟೈರ್ ಲಿವರ್ ಒಂದು ಜೊತೆ, ಮೀಟರ್ ಇರುವ ನಿಲುವು ಪಂಪು, 12 ಇಂಚಿನ ಸ್ಟೀಲ್ ಸ್ಕೇಲು, ಎಮರಿ ಪೇಪರು, ಪಂಕ್ಚರ್ ಕಿಟ್ಟು, ಚೈನಿನ ಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು. ಒರೆಸಲು ಹಳೇ ಬನಿಯನ್ನಿಗಿಂತ ಒಳ್ಳೆಯ ಬಟ್ಟೆ ಇಲ್ಲ. ಟೆರಿಲಿನ್ ಶರ್ಟು ಜಿಡ್ಡನ್ನು ಹೀರದೆ ಬರೀ ಸವರುತ್ತದೆ. ಟೂಲುಗಳಿಗೆ ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಅಗ್ಗದ ಅಲೆನ್ ಕೀಯ ಮೂಲೆಗಳು ಎರಡೇ ಸಲಕ್ಕೆ ದುಂಡಗಾಗಿ ಬೋಲ್ಟನ್ನೂ ಕೆಡಿಸುತ್ತವೆ. ದುಡ್ಡು ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಟೈರು, ಟ್ಯೂಬು

ಗಾಳಿ ಇಲ್ಲ ಎಂದ ಮಾತ್ರಕ್ಕೆ ಪಂಕ್ಚರ್ ಅಲ್ಲ. ತಿಂಗಳುಗಟ್ಟಲೆ ನಿಂತರೆ ಒಳ್ಳೆಯ ಟ್ಯೂಬಿನಿಂದಲೂ ಗಾಳಿ ತಾನಾಗಿ ಇಳಿಯುತ್ತದೆ. ಆದ್ದರಿಂದ ಮೊದಲು ಪಂಪು ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಹೆಬ್ಬೆರಳಿಗೆ ಅಷ್ಟೇ ಗಟ್ಟಿ ಸಿಕ್ಕಿದರೆ ಟ್ಯೂಬು ಚೆನ್ನಾಗಿದೆ.

ಕಪ್ಪು ಸೈಕಲ್ಲುಗಳದ್ದು ಬೇರೆ ಕಥೆ. ಅವುಗಳ ವಾಲ್ವಿನೊಳಗೆ ಬೆರಳುಗುರಿನಷ್ಟು ಉದ್ದದ ತೆಳು ರಬ್ಬರ್ ಕೊಳವೆ ಇರುತ್ತದೆ, ಅದೇ ವಾಲ್ ಟ್ಯೂಬು. ನಿಂತ ಸೈಕಲ್ಲಿನಲ್ಲಿ ಅದು ಒಣಗಿ ಬಿರಿದು ಹೋಗಿರುತ್ತದೆ. ವಾಲ್ವಿನ ತಲೆಯ ತಿರುಪು ಬಿಚ್ಚಿ, ಒಳಗಿನ ಹಿತ್ತಾಳೆ ಕಡ್ಡಿ ಎಳೆದು, ಹಳೇ ರಬ್ಬರ್ ಕಿತ್ತು, ಹೊಸದನ್ನು ಎಂಜಲು ಸವರಿ ಏರಿಸಿದರೆ ಮುಗಿಯಿತು. ಯಾವ ಪಂಕ್ಚರ್ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು. ಇದು ತಿಳಿಯದೆ ಇಡೀ ಟ್ಯೂಬು ಬದಲಾಯಿಸುವವರಿದ್ದಾರೆ.

ತೆಳ್ಳಗಿನ ಟೈರಿನ ಸೈಕಲ್ಲುಗಳಲ್ಲಿ ಪೆನ್ಸಿಲಿನಂಥ ಪ್ರೆಸ್ಟಾ ವಾಲ್ವು ಇರಬಹುದು. ತುದಿಯ ಪುಟ್ಟ ನಟ್ಟನ್ನು ಮೇಲಕ್ಕೆ ಬಿಚ್ಚಿ, ಒಮ್ಮೆ ಒತ್ತಿ "ಪುಸ್" ಅನ್ನಿಸಿ, ಆಮೇಲೆ ಪಂಪು ಹಾಕಬೇಕು. ಪೆಟ್ರೋಲ್ ಬಂಕಿನ ಗನ್ನು ಇದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಸೀಟಿನ ಚೀಲದಲ್ಲಿ ಹಾಕಿಟ್ಟರೆ ದಾರಿಯಲ್ಲಿ ಪರದಾಟವಿಲ್ಲ.

ಟೈರನ್ನು ಪರೀಕ್ಷಿಸುವಾಗ ರಸ್ತೆಗೆ ತಾಗುವ ಭಾಗಕ್ಕಿಂತ ಪಕ್ಕದ ಗೋಡೆ ಮುಖ್ಯ. ಗಾಳಿಯಿಲ್ಲದೆ ನಿಂತ ಟೈರು ಒಂದೇ ಜಾಗದಲ್ಲಿ ಮಡಿಚಿಕೊಂಡಿರುತ್ತದೆ, ಬಿರುಕು ಬಿಡುವುದೂ ಅಲ್ಲೇ. ಕೂದಲೆಳೆಯಷ್ಟು ಮೇಲ್ಮೈ ಬಿರುಕಿದ್ದರೆ ಊರೊಳಗಿನ ಓಡಾಟಕ್ಕೆ ನಡೆಯುತ್ತದೆ. ಬಿರುಕಿನೊಳಗೆ ನೂಲಿನ ಎಳೆ ಕಂಡರೆ ಟೈರು ಬದಲಾಯಿಸಲೇಬೇಕು, ಮಾತಿಲ್ಲ.

ಹೊಸ ಟೈರು ಕೇಳುವಾಗ "26 ಇಂಚು ಕೊಡಿ" ಎಂದರೆ ಸಾಲದು. 26ರಲ್ಲೇ ಬೇರೆ ಬೇರೆ ಅಳತೆಗಳಿವೆ. ಎಂಟಿಬಿಯ (ಮೌಂಟನ್ ಬೈಕ್) 26ಕ್ಕೆ ರಿಮ್ಮಿನ ಅಳತೆ 559 ಮಿ.ಮೀ., ಹಳೇ ಮಾದರಿಯ 26x1⅜ಕ್ಕೆ 590. ಅಟ್ಲಾಸಿನ 28x1½ ಅಂದರೆ 635. ಹೈಬ್ರಿಡ್ ಸೈಕಲ್ಲಿನ 700ಸಿ ಅಂದರೆ 622, ಅದನ್ನೂ ಕೆಲವರು 28 ಅಂತಲೇ ಕರೆಯುತ್ತಾರೆ. ಒಂದಕ್ಕೊಂದು ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 37-622, 40-635 ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಮೊದಲಿನದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅದರ ಫೋಟೊ ತೋರಿಸಿ ಕೇಳಿ.

ಪಂಕ್ಚರ್ ಇದ್ದೇ ಇದ್ದರೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು ಎಲ್ಲರಿಗೂ ಗೊತ್ತು. ಅವಸರದಲ್ಲಿ ಬಿಟ್ಟುಹೋಗುವುದು ಎರಡು ಕೆಲಸ. ಒಂದು, ಟೈರಿನ ಒಳಮೈಗೆ ಬಟ್ಟೆ ಸವರಿ ಚುಚ್ಚಿದ ವಸ್ತು ಅಲ್ಲೇ ಇದೆಯೇ ನೋಡುವುದು. ನಮ್ಮ ರಸ್ತೆಗಳಲ್ಲಿ ಮುಳ್ಳಿಗಿಂತ ತಂತಿಯ ಚೂರೇ ಹೆಚ್ಚು, ಬೆರಳಿಗೆ ಸಿಗದಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಎರಡು, ಸಲ್ಯೂಷನ್ ಹಚ್ಚಿದ ಮೇಲೆ ಕಾಯುವುದು. ಎಮರಿಯಿಂದ ಉಜ್ಜಿ, ತೆಳುವಾಗಿ ಹಚ್ಚಿ, ಹೊಳಪು ಹೋಗಿ ಮುಟ್ಟಿದರೆ ಒಣಗಿದಂತೆ ಅನ್ನಿಸುವ ತನಕ ಐದು ನಿಮಿಷ ಬಿಡಬೇಕು. ಹಸಿಯಿರುವಾಗಲೇ ಪ್ಯಾಚ್ ಒತ್ತಿದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಹೊಸ ಟ್ಯೂಬು ತನ್ನಿ.

ಟೈರು ಮತ್ತೆ ಏರಿಸುವಾಗ ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಗೇಣು ಬಿಗಿ ಬಂದಾಗ ಸ್ಕ್ರೂಡ್ರೈವರ್ ಹಾಕಲು ಕೈ ತುರಿಸುತ್ತದೆ. ಹಾಕಿದಿರೋ, ಟ್ಯೂಬು ತೂತಾಯಿತೆಂದೇ ಲೆಕ್ಕ. ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ತಳ್ಳುತ್ತ ಬಂದರೆ ಸಡಿಲ ಸಿಗುತ್ತದೆ, ಹೆಬ್ಬೆರಳೇ ಸಾಕು.

ಬ್ರೇಕು

ರಿಮ್ಮು ಹಿಡಿಯುವ ಬ್ರೇಕಾದರೆ, ನಿಂತ ಸೈಕಲ್ಲಿನ ಬ್ರೇಕ್ ರಬ್ಬರ್ ಸವೆದಿರುವುದಿಲ್ಲ, ಮೇಲ್ಮೈ ಗಟ್ಟಿಯಾಗಿ ಹೊಳಪು ಬಂದಿರುತ್ತದೆ ಅಷ್ಟೇ. ಎಮರಿಯಿಂದ ಆ ಹೊಳಪು ಹೋಗುವಷ್ಟು ಉಜ್ಜಿ. ರಿಮ್ಮನ್ನು ಸೋಪುನೀರಿನಿಂದ ಒರೆಸಿ. ಹಿಡಿ ಒತ್ತಿ ಬಿಟ್ಟಾಗ ಚಟ್ಟನೆ ವಾಪಸ್ ಬಂದರೆ ಕೇಬಲ್ ಸರಿಯಿದೆ. ಸೋಮಾರಿಯಂತೆ ಬಂದರೆ ಒಳಗೆ ತುಕ್ಕು ಹಿಡಿದಿದೆ. ಒಂದೆರಡು ಹನಿ ಎಣ್ಣೆ ಬಿಟ್ಟು ಹತ್ತಾರು ಸಲ ಒತ್ತಿ ನೋಡಿ. ಕೇಬಲ್ಲಿನ ಒಂದೇ ಒಂದು ಎಳೆ ಬಿಚ್ಚಿಕೊಂಡಿದ್ದರೂ ಬದಲಾಯಿಸಿ. ಬೇರೆ ಎಲ್ಲದರಲ್ಲೂ ನಾನು ಜಿಪುಣ, ಬ್ರೇಕ್ ಕೇಬಲ್ಲಿನಲ್ಲಿ ಅಲ್ಲ.

ಕಪ್ಪು ಸೈಕಲ್ಲಿನ ಕಡ್ಡಿ ಬ್ರೇಕಿಗೆ ಕೀಲುಕೀಲಿಗೂ ಎಣ್ಣೆ ಬೇಕು. ಆದರೆ ಒಂದು ಎಚ್ಚರ: ಹೊಳೆಯುವ ಸ್ಟೀಲ್ ರಿಮ್ಮು ಒದ್ದೆಯಾದರೆ ಆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ರಿಪೇರಿ ಮಾಡಿದರೂ ಅದರ ಸ್ವಭಾವವೇ ಹಾಗೆ. ಮಳೆಯಲ್ಲಿ ಇಳಿಜಾರು ಬಂದರೆ ಇಳಿದು ತಳ್ಳಿ.

ಡಿಸ್ಕ್ ಬ್ರೇಕಿನ ಶತ್ರು ಎಣ್ಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಒಂದು ಹನಿ ಡಿಸ್ಕಿಗೆ ಹಾರಿದರೂ ಆಮೇಲೆ ಬ್ರೇಕು ಕಿರುಚುತ್ತದೆ, ನಿಲ್ಲಿಸುವುದಿಲ್ಲ. ಪ್ಲಾಸ್ಟಿಕ್ ಕವರ್ ಸುತ್ತಿ ಕೆಲಸ ಮಾಡಿ. ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಮಾತ್ರ ಒರೆಸಿ. ಚಕ್ರ ತಿರುಗಿಸಿದಾಗ ಸರ್ ಸರ್ ಎಂದು ಉಜ್ಜುತ್ತಿದ್ದರೆ, ಕ್ಯಾಲಿಪರ್ (ಡಿಸ್ಕನ್ನು ಅಮುಕುವ ಭಾಗ) ಹಿಡಿದಿರುವ ಎರಡು ಬೋಲ್ಟನ್ನು ಸಡಿಲಿಸಿ, ಬ್ರೇಕ್ ಹಿಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಹೈಡ್ರಾಲಿಕ್ ಬ್ರೇಕುಗಳಲ್ಲಿ ಬಹುತೇಕ ಇಷ್ಟರಲ್ಲೇ ಸರಿಹೋಗುತ್ತದೆ. ಅದರ ಹಿಡಿ ಮೆತ್ತಗಾಗಿ ಹ್ಯಾಂಡಲಿಗೇ ತಾಗುತ್ತಿದ್ದರೆ ಮಾತ್ರ ಗಾಳಿ ಸೇರಿದೆ ಎಂದು ಅಂಗಡಿಗೆ ಕೊಡಿ. ಅದು ಬಾಲ್ಕನಿ ಕೆಲಸವಲ್ಲ.

ಚೈನು

ಇಲ್ಲಿ ಅವಸರ ಮಾಡಬೇಡಿ. ಸೈಕಲ್ಲು ಹಗುರಾಗಿ ಓಡುವುದೂ ಕಿರಿಕಿರಿ ಮಾಡುವುದೂ ಹೆಚ್ಚಾಗಿ ಚೈನಿನ ಕೈಯಲ್ಲಿದೆ.

ಮೊದಲು ಅಳೆಯಿರಿ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿದರೆ 12 ಇಂಚಿನ ಗೆರೆ ಅದನ್ನು ಬಿಟ್ಟು ಎಣಿಸಿದ ಇಪ್ಪತ್ನಾಲ್ಕನೆಯ ಪಿನ್ನಿನ ನಡುಮಧ್ಯಕ್ಕೆ ಬರಬೇಕು. ಪಿನ್ನು ಗೆರೆಯಿಂದ 1/16 ಇಂಚು ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. 1/8 ಇಂಚು ಹೋಗಿದ್ದರೆ ಆ ಚೈನು ಹಿಂದಿನ ಹಲ್ಲುಗಳನ್ನೂ ತಿಂದಿರುತ್ತದೆ, ಫ್ರೀವೀಲೂ ಜೊತೆಗೇ ಹೋಗಬೇಕು. ಗೆರೆಗೆ ಸರಿಯಾಗಿ ಕೂತರೆ ಹೊರಗಿನ ಕೇಸರಿ ತುಕ್ಕಿಗೆ ಹೆದರಬೇಕಿಲ್ಲ. ಅಂಗಡಿಯವರ "ಚೈನ್ ಹೋಗಿದೆ"ಗೆ ಈ ಸ್ಕೇಲೇ ಉತ್ತರ.

ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೈನು ಹಿಂದಿನ ಪುಟ್ಟ ಚಕ್ರಗಳ ಮೇಲೆ ಹಾಯುವುದನ್ನು ನೋಡಿ. ಎಲ್ಲಿ ಟಕ್ಕೆಂದು ಎಗರುತ್ತದೋ ಅಲ್ಲಿ ಒಂದು ಕೊಂಡಿ ಸೆಟೆದಿದೆ. ಆ ಕೊಂಡಿಗೆ ಡಬ್ಲ್ಯೂಡಿ-40 ಚಿಮುಕಿಸಿ, ಎರಡು ಹೆಬ್ಬೆರಳಿನಿಂದ ಅಡ್ಡಡ್ಡ ಮೆಲ್ಲಗೆ ಬಗ್ಗಿಸಿ. ಸಡಿಲವಾಗುತ್ತದೆ. ಡಬ್ಲ್ಯೂಡಿ-40ಯ ಕೆಲಸ ಅಲ್ಲಿಗೆ ಮುಗಿಯಿತು. ಅದು ನೀರು ಓಡಿಸಲು ಮಾಡಿದ ದ್ರವ, ಚೈನಿಗೆ ಹಾಕುವ ಎಣ್ಣೆಯಾಗಿ ನಿಲ್ಲುವುದಿಲ್ಲ.

ಜಿಡ್ಡು ತೆಗೆಯಲು ಹಿಂದೆ ಸೀಮೆಎಣ್ಣೆ ಇತ್ತು. ಈಗ ಸಿಗುವುದು ಕಷ್ಟ, ಅರ್ಧ ಲೋಟ ಡೀಸೆಲ್ ಸಾಕು. ಪೆಟ್ರೋಲ್ ಮಾತ್ರ ಬೇಡ, ಬಾಲ್ಕನಿಯ ಪಕ್ಕದಲ್ಲೇ ಅಡುಗೆಮನೆ ಇರುತ್ತದೆ. ವಾಸನೆಗೆ ಮನೆಯವರು ಗೊಣಗಿದರೆ ಅಂಗಡಿಯ ಡಿಗ್ರೀಸರ್ ತನ್ನಿ. ಕೆಳಗೆ ಹಳೇ ಪೇಪರ್ ಹಾಸಿ, ಬ್ರಷ್ಷು ಅದ್ದಿ, ಚೈನಿನ ನಾಲ್ಕೂ ಮಗ್ಗುಲು ಉಜ್ಜಿ. ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಬಟ್ಟೆಯ ಹೊಸ ಜಾಗಕ್ಕೆ ಕಪ್ಪು ಅಂಟುವುದು ನಿಲ್ಲುವ ತನಕ ಇದೇ ಕೆಲಸ. ಉಳಿದ ಡೀಸೆಲನ್ನು ಬಚ್ಚಲ ಮೋರಿಗೆ ಸುರಿಯಬೇಡಿ. ಬಾಟಲಿಯಲ್ಲಿ ಒಂದು ವಾರ ಬಿಟ್ಟರೆ ಮಣ್ಣು ತಳಕ್ಕೆ ಕೂತು ಮೇಲಿನದು ತಿಳಿಯಾಗುತ್ತದೆ, ಮುಂದಿನ ಸಲಕ್ಕೆ ಆಯಿತು.

ಚೈನು ಪೂರ್ತಿ ಒಣಗಿದ ಮೇಲೆ ಎಣ್ಣೆ. ಪ್ರತಿ ಉರುಳೆಗೆ ಒಂದೇ ಹನಿ, ಚೈನಿನ ಕೆಳಸಾಲಿನ ಒಳಮಗ್ಗುಲಿಗೆ. ಒಂದು ಸುತ್ತು ಮುಗಿಸಿ, ಕಾಫಿ ಕುಡಿದು ಬಂದು, ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಹಾಕಿದ್ದನ್ನೇ ಒರೆಸುವುದೇಕೆ ಅನ್ನಬೇಡಿ. ಎಣ್ಣೆ ಕೆಲಸ ಮಾಡುವುದು ಪಿನ್ನಿನ ಒಳಗೆ. ಹೊರಗೆ ಉಳಿದದ್ದು ಮೆಟ್ರೋ ಕಾಮಗಾರಿಯ ದೂಳನ್ನು ಹಿಡಿದುಕೊಂಡು ಎಮರಿ ಪೇಪರಿನ ಕೆಲಸ ಮಾಡುತ್ತದೆ.

ಯಾವ ಎಣ್ಣೆ? ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಿಗೆ ಡ್ರೈ ಲ್ಯೂಬು. ಮೇ ತಿಂಗಳ ಗುಡುಗು ಮಳೆಯಿಂದ ಅಕ್ಟೋಬರ್‌ವರೆಗೆ ವೆಟ್ ಲ್ಯೂಬು, ಅದು ಮಳೆನೀರಿಗೆ ಬೇಗ ತೊಳೆದುಹೋಗುವುದಿಲ್ಲ. ಹೊಲಿಗೆ ಮಿಷಿನ್ನಿನ ಎಣ್ಣೆ ತುರ್ತಿಗೆ ನಡೆದೀತು. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ. ಗ್ಯಾರೇಜಿನ ಕರಿ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ. ಎರಡೂ ಬೇಡ.

ಗೇರು

ನಿಂತ ಸೈಕಲ್ಲಿನಲ್ಲಿ ಗೇರು ಸರಿಯಾಗಿ ಬೀಳದಿದ್ದರೆ ತಪ್ಪು ಬಹುಮಟ್ಟಿಗೆ ಕೇಬಲ್ಲಿನದು. ಹಿಂದಿನ ಗೇರಿಗೆ ಕೇಬಲ್ ಹೊಕ್ಕುವ ಕಡೆ ಬೆರಳಿನಿಂದ ತಿರುಗುವ ಪುಟ್ಟ ತಿರುಪು ಇದೆ. ಚೈನು ದೊಡ್ಡ ಹಲ್ಲಿಗೆ ಏರಲು ಹಿಂದೇಟು ಹಾಕಿದರೆ ಅದನ್ನು ಬಿಚ್ಚುವ ದಿಕ್ಕಿಗೆ ಅರ್ಧ ಸುತ್ತು, ಚಿಕ್ಕದಕ್ಕೆ ಇಳಿಯಲು ಹಟ ಮಾಡಿದರೆ ಬಿಗಿಯುವ ದಿಕ್ಕಿಗೆ ಅರ್ಧ ಸುತ್ತು. ಎಚ್, ಎಲ್ ಎಂದು ಬರೆದಿರುವ ಎರಡು ಸ್ಕ್ರೂಗಳನ್ನು ಮುಟ್ಟಬೇಡಿ. ಅವು ನಿಂತಲ್ಲಿ ಕೆಡುವಂಥವಲ್ಲ. ಎಲ್ ಸ್ಕ್ರೂ ತಪ್ಪಿದರೆ ಚೈನು ಹೋಗಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಬೇರಿಂಗು: ಪರೀಕ್ಷೆ ನಿಮ್ಮದು, ರಿಪೇರಿ ಅಂಗಡಿಯದು

ರಿಮ್ಮನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ, ಕಟಕಟ ಅನ್ನಬಾರದು. ಚಕ್ರವನ್ನು ಎತ್ತಿ ತಿರುಗಿಸಿ ಫ್ರೇಮಿನ ಮೇಲೆ ಅಂಗೈ ಇಡಿ, ಮರಳು ಅರೆದಂತೆ ಅದುರಬಾರದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಹ್ಯಾಂಡಲಿನ ಬುಡ ಆಡಬಾರದು. ಪೆಡಲಿನ ಕೈಗಳನ್ನು ಹಿಡಿದು ಅಡ್ಡಕ್ಕೆ ಎಳೆದು ನೋಡಿ. ಕಪ್ಪು ಸೈಕಲ್ಲಾದರೆ ಪೆಡಲಿನ ಕೈಯನ್ನು ಅಚ್ಚಿಗೆ ಬಿಗಿದಿರುವ ಕಾಟರ್ ಪಿನ್ನು ಸಡಿಲವಿದೆಯೇ ಗಮನಿಸಿ.

ಹಬ್ಬಿನ ಬಾಲ್ಸ್ ಬದಲಾಯಿಸುವುದು ಕಲಿಯಲಾರದ ವಿದ್ಯೆಯೇನಲ್ಲ. ಸಾಮಾನ್ಯವಾಗಿ ಮುಂದಿನ ಹಬ್ಬಿನ ಒಂದೊಂದು ಬದಿಗೆ 3/16 ಇಂಚಿನ ಹತ್ತು ಬಾಲ್ಸು, ಹಿಂದಿನದಕ್ಕೆ ಕಾಲು ಇಂಚಿನ ಒಂಬತ್ತು. ಆದರೆ ತೆಳು ಕೋನ್ ಸ್ಪ್ಯಾನರ್ ಬೇಕು, ಬಿಗಿತದ ಅಂದಾಜು ಬೇಕು, ಬಾಲ್ಕನಿಯ ನೀರು ಹೋಗುವ ತೂತಿಗೆ ಬಾಲ್ಸೆಂದರೆ ಬಲು ಪ್ರೀತಿ. ಬೀದಿ ಮೂಲೆಯ ಸೈಕಲ್ ಅಂಗಡಿಗೆ ಚಕ್ರ ಮಾತ್ರ ಬಿಚ್ಚಿ ಒಯ್ದು, "ಅಣ್ಣ, ಬೆಂಡ್ ತೆಗೆದು, ಹಬ್ಬಿಗೆ ಹೊಸ ಬಾಲ್ಸ್, ಗ್ರೀಸ್ ಹಾಕಿಕೊಡಿ" ಎನ್ನಿ. ಏನು ಬೇಕೆಂದು ತಿಳಿದು ಬಂದ ಗಿರಾಕಿಗೆ ಉದ್ದ ಪಟ್ಟಿ ಓದುವುದಿಲ್ಲ. ವರ್ಷಾನುಗಟ್ಟಲೆ ಚಕ್ರದ ಬೆಂಡ್ ತೆಗೆದ ಕೈಗೆ ಕೊಡುವ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಪೆಡಲ್ ಬಿಚ್ಚಬೇಕಾಗಿ ಬಂದರೆ ಎಡಗಡೆಯದರ ಮರೆ (ತಿರುಪಿನ ಸುತ್ತು) ತಿರುವುಮುರುವು ಎಂಬುದು ನೆನಪಿರಲಿ. ಮಾಮೂಲಿ ದಿಕ್ಕಿಗೆ ತಿರುಗಿಸಿದಷ್ಟೂ ಅದು ಬಿಗಿಯುತ್ತದೆ.

ಸೀಟು, ಮೊದಲ ಸವಾರಿ

ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲು ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೇರವಾದರೆ ಎತ್ತರ ಸರಿ. ನಮ್ಮಲ್ಲಿ ಬಹಳ ಜನ ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿ, ಆಮೇಲೆ ಮಂಡಿ ನೋವು ಎಂದು ಸೈಕಲ್ಲನ್ನೇ ಮೂಲೆಗೆ ಸೇರಿಸುತ್ತಾರೆ. ಸೀಟಿನ ಕಂಬದ ಮೇಲೆ ಕೊರೆದ ಗೆರೆ ಮಾತ್ರ ಫ್ರೇಮಿನಿಂದ ಹೊರಗೆ ಕಾಣಬಾರದು.

ಗಾಳಿಯ ಒತ್ತಡವನ್ನು ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೇ ಇಡಿ. ಮಿತಿಯ ತುದಿ ಮುಟ್ಟಬೇಕಾಗಿಲ್ಲ, ನಮ್ಮ ಗುಂಡಿಗಳಿಗೆ ಸ್ವಲ್ಪ ಕಡಿಮೆಯೇ ಹಿತ. ಬೆಲ್ಲು, ಹಿಂದೆ ಕೆಂಪು ಲೈಟು, ತಲೆಗೆ ಹೆಲ್ಮೆಟ್.

ಮೊದಲ ಸವಾರಿಗೆ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್ ಒಳ್ಳೆಯದು. ಅವತ್ತು ಒಳಗಿನ ರಸ್ತೆಗಳಿಗೆ ಮೋಟಾರು ವಾಹನ ಬಿಡುವುದಿಲ್ಲ, ಹೊಸ ಸದ್ದು ಬಂದರೆ ಕಿವಿಗೆ ಕೇಳುತ್ತದೆ. ನಂದಿ ಬೆಟ್ಟದ ಆಸೆಯನ್ನು ಸ್ವಲ್ಪ ಮುಂದೆ ಹಾಕಿ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ನಂದಿಯ ನೆತ್ತಿ 1478. ಹತ್ತುವಾಗ ನಿಮ್ಮ ಕಾಲಿನ ಪರೀಕ್ಷೆಯಾದರೆ ಇಳಿಯುವಾಗ, ತಿರುವು ತಿರುವಿಗೂ, ನಿಮ್ಮ ಬಾಲ್ಕನಿ ಕೆಲಸದ ಪರೀಕ್ಷೆ. ಊರೊಳಗೆ ನೂರು ಕಿಲೋಮೀಟರಾದರೂ ಓಡಿಸಿದ ಮೇಲೆ ಆ ಮಾತು.

ಮೊದಲ ಸವಾರಿಯಿಂದ ಬಂದ ಕೂಡಲೇ ಸೈಕಲ್ಲನ್ನು ಬೇಸ್‌ಮೆಂಟಿಗೆ ಇಳಿಸದೆ ಅಲೆನ್ ಕೀ ಹಿಡಿದು ಹ್ಯಾಂಡಲ್, ಸೀಟು, ಕ್ಯಾಲಿಪರ್, ಪೆಡಲ್ ಕೈಗಳ ಬೋಲ್ಟುಗಳನ್ನು ಒಮ್ಮೆ ಬಿಗಿದು ನೋಡಿ. ಪೆಡಲ್ ಕೈಯ ಬೋಲ್ಟು ಸಡಿಲವಿದ್ದಾಗ ತುಳಿದರೆ ಒಳಗಿನ ಚೌಕ ದುಂಡಗಾಗಿ ಆ ಕೈಯೇ ಹಾಳಾಗುತ್ತದೆ. ಹೊಸ ಕೇಬಲ್ ಹಾಕಿದ್ದರೆ ಮೊದಲ ವಾರದಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಗೇರು ಮತ್ತೆ ತಡವರಿಸಿದರೆ ಅದೇ ಪುಟ್ಟ ತಿರುಪು, ಬಿಚ್ಚುವ ದಿಕ್ಕಿಗೆ, ಅರ್ಧ ಸುತ್ತು.